ಮೊಬೈಲ್ ಮೂಲಕ ಹಣದ ವ್ಯವಹಾರ: ರೈತರು ವಹಿಸಬೇಕಾದ ಎಚ್ಚರಿಕೆ

ರಾಗಿ, ಭತ್ತ, ಕೊಬ್ಬರಿ, ಮೆಣಸಿನಕಾಯಿ ಮುಂತಾದ ಯಾವುದೇ ಬೆಳೆಯ ಹಣ ಹಿಂದೆ ನೋಟಿನ ಕಂತೆಯಾಗಿ ರೈತನ ಕೈ ಸೇರುತ್ತಿತ್ತು. ಅದನ್ನು ಕದಿಯಬೇಕಾದರೆ ಕಳ್ಳನು ಊರಿಗೆ ಬರಬೇಕಿತ್ತು, ಬಾಗಿಲು ಮುರಿಯಬೇಕಿತ್ತು, ಬೀದಿನಾಯಿಗೂ ಅಂಜಬೇಕಿತ್ತು. ಇಂದು ಬೆಳೆಯ ಹಣ ಬಹುಮಟ್ಟಿಗೆ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಆ ಖಾತೆಯ ಬಾಗಿಲು ರೈತನ ಅಂಗಿಯ ಜೇಬಿನಲ್ಲಿರುವ ಮೊಬೈಲ್ ಫೋನಿಗೆ ಬಂದು ನಿಂತಿದೆ. ಇದರಿಂದ ಆಗಿರುವ ಅನುಕೂಲ ಸಣ್ಣದಲ್ಲ. ಗೊಬ್ಬರದ ಅಂಗಡಿಗೆ, ಟ್ರ್ಯಾಕ್ಟರ್ ಬಾಡಿಗೆಗೆ, ಮಕ್ಕಳ ಶಾಲೆಯ ಶುಲ್ಕಕ್ಕೆ ಕುಳಿತಲ್ಲಿಂದಲೇ ಹಣ ಸಲ್ಲಿಸಬಹುದು. ಆದರೆ ಕಳ್ಳನೂ ಈಗ ಊರಿಗೆ ಬರಬೇಕಾಗಿಲ್ಲ. ನೂರಾರು ಮೈಲಿ ದೂರದಲ್ಲಿ ಕುಳಿತು ಆತ ಅದೇ ಬಾಗಿಲನ್ನು ತಟ್ಟಬಲ್ಲ.

ಬೆಳೆಯ ವಿಷಯ ಬರೆಯಬೇಕಾದ ಪುಟದಲ್ಲಿ ಫೋನಿನ ವಿಷಯವೇಕೆ ಎಂದು ನೀವು ಕೇಳಬಹುದು. ಕಾರಣ ಸರಳವಾದುದು. ಸಂಬಳದಾರನ ಖಾತೆ ಬರಿದಾದರೆ ಮುಂದಿನ ತಿಂಗಳು ಮತ್ತೆ ಸಂಬಳ ಬರುತ್ತದೆ. ರೈತನಿಗಾದರೋ ಇಡೀ ವರ್ಷದ ದುಡಿಮೆಯ ಹಣ ಒಂದೆರಡು ಕಂತಿನಲ್ಲಿ ಬರುತ್ತದೆ. ಅದು ಹೋದರೆ ಮುಂದಿನ ಬಿತ್ತನೆಯ ಬೀಜ, ಗೊಬ್ಬರ, ಸಾಲದ ಕಂತು ಎಲ್ಲವೂ ಹೋದಂತೆ. ಕೀಟ, ರೋಗಗಳಿಂದ ಕಾಪಾಡಿ ಕಣಕ್ಕೆ ತಂದ ಫಸಲನ್ನು ಕಣದಿಂದ ಮುಂದೆ ಕಾಯುವುದೂ ಬೇಸಾಯದ ಒಂದು ಭಾಗವೇ ಆಗಿದೆ. ಆದುದರಿಂದ ಫೋನಿನಲ್ಲಿ ಹಣ ಚಲಿಸುವ ಬಗೆ, ವಂಚಕರು ಒಳನುಗ್ಗುವ ದಾರಿಗಳು, ಅವುಗಳನ್ನು ತಡೆಯುವ ಕ್ರಮ ಮತ್ತು ಹಣ ಹೋದಾಗ ಮಾಡಬೇಕಾದ ಕೆಲಸಗಳನ್ನು ಇಲ್ಲಿ ತಿಳಿಸಲಾಗಿದೆ.

ಯುಪಿಐ ಕೆಲಸ ಮಾಡುವ ರೀತಿ

ಫೋನಿನ ಮೂಲಕ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹಣ ಕಳಿಸುವ ವ್ಯವಸ್ಥೆಗೆ ಯುಪಿಐ ಎಂದು ಹೆಸರು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಇದನ್ನು 2016ರ ಏಪ್ರಿಲ್ ತಿಂಗಳಲ್ಲಿ ಪ್ರಾರಂಭಿಸಿತು. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಮುಂತಾದ ಆ್ಯಪ್‌ಗಳೆಲ್ಲ ಈ ಒಂದೇ ವ್ಯವಸ್ಥೆಗೆ ಹೋಗುವ ಬೇರೆ ಬೇರೆ ಬಾಗಿಲುಗಳು. ಹಣ ಆ್ಯಪಿನಲ್ಲಿ ಇರುವುದಿಲ್ಲ. ಅದು ನಿಮ್ಮ ಬ್ಯಾಂಕಿನಲ್ಲಿಯೇ ಇರುತ್ತದೆ. ಆ್ಯಪ್ ಬ್ಯಾಂಕಿಗೆ ಆದೇಶವನ್ನು ಮುಟ್ಟಿಸುತ್ತದೆ, ಅಷ್ಟೆ.

ಈ ಬಾಗಿಲಿಗೆ ಮೂರು ಕೀಲಿಗಳಿವೆ.

ಮೊದಲನೆಯದು ಸಿಮ್. ಖಾತೆಗೆ ಯಾವ ಮೊಬೈಲ್ ಸಂಖ್ಯೆಯನ್ನು ಬ್ಯಾಂಕಿನಲ್ಲಿ ಕೊಟ್ಟಿದ್ದೀರೋ ಅದೇ ಸಂಖ್ಯೆಯ ಸಿಮ್ ಫೋನಿನಲ್ಲಿರಬೇಕು. ಆ್ಯಪನ್ನು ಮೊದಲ ಸಲ ತೆರೆದಾಗ ಅದು ನಿಮ್ಮ ಸಿಮ್‌ನಿಂದ ಒಂದು ಸಂದೇಶವನ್ನು ತಾನಾಗಿಯೇ ಕಳಿಸಿ, ಸಂಖ್ಯೆ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳುತ್ತದೆ.

ಎರಡನೆಯದು ಫೋನು. ಮೇಲಿನ ಸಂದೇಶ ಹೋದ ಫೋನಿಗೇ ಆ್ಯಪ್ ಗಂಟು ಬೀಳುತ್ತದೆ. ಬೇರೆ ಫೋನಿನಲ್ಲಿ ಅದನ್ನು ಬಳಸಬೇಕಾದರೆ ಮತ್ತೆ ಅದೇ ಸಿಮ್‌ನಿಂದ ಸಂದೇಶ ಹೋಗಬೇಕು.

ಮೂರನೆಯದು ಯುಪಿಐ ಪಿನ್. ಇದು 4 ಅಥವಾ 6 ಅಂಕಿಗಳ ಗುಪ್ತ ಸಂಖ್ಯೆ. ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿಗಳು, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಜೊತೆಗೆ ಫೋನಿಗೆ ಬರುವ ಒಟಿಪಿ ಇದ್ದರೆ ಹೊಸ ಪಿನ್ ಹೊಂದಿಸಬಹುದು. ಹಲವು ಬ್ಯಾಂಕುಗಳಲ್ಲಿ ಕಾರ್ಡಿನ ಬದಲಿಗೆ ಆಧಾರ್ ಸಂಖ್ಯೆ ಮತ್ತು ಅದಕ್ಕೆ ಬರುವ ಒಟಿಪಿಯಿಂದಲೂ ಹೊಂದಿಸಬಹುದು. 2025ರ ಅಕ್ಟೋಬರಿನಿಂದ ಸಣ್ಣ ಮೊತ್ತಗಳಿಗೆ ಪಿನ್ ಬದಲಾಗಿ ಫೋನಿನ ಬೆರಳಚ್ಚು ಅಥವಾ ಮುಖದ ಗುರುತನ್ನು ಬಳಸುವ ಅವಕಾಶವೂ ಬಂದಿದೆ.

ಈ ಮೂರು ಕೀಲಿಗಳ ವಿಷಯವನ್ನು ತಿಳಿದರೆ ವಂಚನೆಯ ಗುಟ್ಟು ಅರ್ಧ ತಿಳಿದಂತೆ. ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ ಮಾತು ಒಂದಿದೆ. ಪಿನ್ ಒತ್ತುವುದೆಂದರೆ ನಿಮ್ಮ ಹಣವನ್ನು ಹೊರಗೆ ಬಿಡಲು ಬ್ಯಾಂಕಿಗೆ ಒಪ್ಪಿಗೆ ಕೊಡುವುದು. ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಕೂಡ ಪಿನ್ ಬೇಕು. ಆದರೆ ಬೇರೆಯವರಿಂದ ಹಣ ಪಡೆಯಲು ಪಿನ್ ಬೇಕಾಗಿಲ್ಲ, ಒಟಿಪಿ ಬೇಕಾಗಿಲ್ಲ, ಏನನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಹಾಲು ತುಂಬುವವನು ಕ್ಯಾನ್ ಕೇಳುತ್ತಾನೆಯೇ ಹೊರತು ಹಸುವಿನ ಹಗ್ಗವನ್ನು ಕೇಳುವುದಿಲ್ಲ. ಹಣ ಕೊಡುತ್ತೇನೆಂದು ಹೇಳಿ ಪಿನ್ ಒತ್ತಲು ಹೇಳುವವನು ಹಗ್ಗವನ್ನೇ ಕೇಳುತ್ತಿದ್ದಾನೆಂದು ತಿಳಿಯಬೇಕು.

ವಂಚನೆಯ ಬಗೆಗಳು ಮತ್ತು ಅವನ್ನು ಗುರುತಿಸುವುದು

ಕೀಟದ ಹೆಸರು ತಿಳಿಯದೆ ಔಷಧ ಸಿಂಪಡಿಸುವುದು ವ್ಯರ್ಥ. ಅದರಂತೆ ವಂಚನೆಯ ಬಗೆಗಳನ್ನು ಮೊದಲು ಗುರುತಿಸಬೇಕು. ಗ್ರಾಮಾಂತರ ಪ್ರದೇಶದಲ್ಲಿ ಸಾಮಾನ್ಯವಾಗಿ ಕಂಡುಬರುವ ಬಗೆಗಳು ಹೀಗಿವೆ.

1. ಕೊಳ್ಳುವವನ ವೇಷ: ನೀವು ಎತ್ತಿನ ಜೋಡಿ, ಹಳೆಯ ಟಿಲ್ಲರ್ ಅಥವಾ ಪಂಪ್‌ಸೆಟ್ ಮಾರಾಟಕ್ಕಿದೆ ಎಂದು ಫೋನಿನಲ್ಲಿ ಪ್ರಕಟಿಸಿದ್ದೀರಿ ಎಂದುಕೊಳ್ಳಿ. ಒಬ್ಬನು ಕರೆ ಮಾಡಿ ಬೆಲೆಯಲ್ಲಿ ಚೌಕಾಸಿಯನ್ನೇ ಮಾಡದೆ ಒಪ್ಪುತ್ತಾನೆ. ಮುಂಗಡ ಕಳಿಸುತ್ತೇನೆಂದು ಒಂದು ಕ್ಯೂಆರ್ ಚೌಕವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುವುದೆಂದು ಹೇಳುತ್ತಾನೆ. ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡುವುದು ಹಣ ಕೊಡುವವನ ಕೆಲಸ, ಪಡೆಯುವವನದಲ್ಲ. ನೋಡದೆ, ಹಲ್ಲು ಎಣಿಸದೆ, ಎತ್ತಿಗೆ ಮುಂಗಡ ಕೊಡುವವನು ಸಂತೆಯಲ್ಲಿ ಎಲ್ಲಿಯೂ ಸಿಗುವುದಿಲ್ಲವೆಂಬುದನ್ನು ನೆನೆಯಿರಿ. ಇದೇ ಜಾತಿಯ ಇನ್ನೊಂದು ಮೋಸವೆಂದರೆ, ಫೋನಿಗೆ ಹಣ ಕೇಳುವ ಕೋರಿಕೆ ಕಳಿಸಿ ಅದನ್ನು ಒಪ್ಪುವಂತೆ ಮಾಡುವುದು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಇಂತಹ ಕೋರಿಕೆ ಕಳಿಸುವ ಸೌಲಭ್ಯವನ್ನು ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಕ್ಯೂಆರ್ ಚೌಕದ ಮೋಸ ಮಾತ್ರ ಉಳಿದಿದೆ.

2. ಯೋಜನೆಯ ಹೆಸರಿನ ಆ್ಯಪ್: ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಿಂದ ಅರ್ಹ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ತಲಾ 2,000 ರೂಪಾಯಿಗಳ 3 ಕಂತಿನಲ್ಲಿ ಬರುವುದು ನಿಮಗೆ ಗೊತ್ತಿದೆ. ಕಂತು ಬರುವ ಸಮಯ ನೋಡಿಕೊಂಡು, ಕೆವೈಸಿ ಮಾಡದಿದ್ದರೆ ಹಣ ನಿಲ್ಲುವುದೆಂಬ ಸಂದೇಶದೊಡನೆ ಒಂದು ಕಡತ ವಾಟ್ಸಾಪ್ ಗುಂಪಿಗೆ ಬರುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಬ್ಯಾಂಕ್ ಹೆಸರಿನಲ್ಲಿ, ವಾಹನದ ದಂಡದ ಹೆಸರಿನಲ್ಲಿ, ಕೆಲವೊಮ್ಮೆ ಮದುವೆಯ ಕರೆಯೋಲೆಯ ಹೆಸರಿನಲ್ಲಿಯೂ ಇಂತಹವು ಬರುತ್ತವೆ. ಎಪಿಕೆ ಎಂದರೆ ಕಾಗದವಲ್ಲ, ಚಿತ್ರವಲ್ಲ. ಅದು ಫೋನಿನೊಳಗೆ ನೆಲೆಸುವ ಒಂದು ಆ್ಯಪ್. ಅದನ್ನು ಹಾಕಿಕೊಂಡಾಗ ಸಂದೇಶಗಳನ್ನು ಓದಲು ಹಾಗೂ ಕಳಿಸಲು ಅನುಮತಿ ಕೇಳುತ್ತದೆ. ಒಪ್ಪಿದರೆ ನಿಮಗೆ ಬರುವ ಒಟಿಪಿ ಅದೇ ಕ್ಷಣ ವಂಚಕನಿಗೂ ತಲುಪುತ್ತದೆ. ನಿಮ್ಮ ಸಿಮ್‌ನಿಂದ ಸಂದೇಶ ಕಳಿಸಿ ನಿಮ್ಮ ಖಾತೆಯನ್ನು ತನ್ನ ಫೋನಿಗೆ ಜೋಡಿಸಿಕೊಳ್ಳಲೂ ಆತ ಯತ್ನಿಸಬಹುದು. ಮೇಲೆ ಹೇಳಿದ ಮೂರು ಕೀಲಿಗಳನ್ನೂ ಒಟ್ಟಿಗೆ ಕದಿಯುವ ಬಗೆ ಇದೊಂದೇ. ಆದುದರಿಂದ ಇದು ಕಾಂಡ ಕೊರಕ ಹುಳುವಿನಂತೆ ಅತ್ಯಂತ ಅಪಾಯಕರ. ಹೊರಗೆ ಗರಿ ಹಸಿರಾಗಿಯೇ ಕಾಣುತ್ತಿರುತ್ತದೆ, ಒಳಗೆ ಸುಳಿ ಒಣಗಿರುತ್ತದೆ.

3. ಸಹಾಯವಾಣಿಯ ವೇಷ: ಕಳಿಸಿದ ಹಣ ತಲುಪದಿದ್ದಾಗ ಅಥವಾ ಗ್ಯಾಸ್ ಸಿಲಿಂಡರ್ ಬರದಿದ್ದಾಗ ನಾವು ಅಂತರಜಾಲದಲ್ಲಿ ದೂರವಾಣಿ ಸಂಖ್ಯೆಗಾಗಿ ಹುಡುಕುತ್ತೇವೆ. ಹುಡುಕಿದಾಗ ಮೊದಲು ಕಾಣುವ ಸಂಖ್ಯೆ ಸರಿಯಾದುದೇ ಎಂದು ನಂಬುವಂತಿಲ್ಲ. ಅಲ್ಲಿ ವಂಚಕರು ತಮ್ಮ ಸಂಖ್ಯೆಯನ್ನೂ ಸೇರಿಸಿರುತ್ತಾರೆ. ಕರೆ ಮಾಡಿದರೆ ಸೌಜನ್ಯದಿಂದ ಮಾತನಾಡಿ, ಎನಿಡೆಸ್ಕ್‌ನಂತಹ ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ಹಾಕಿಕೊಂಡರೆ ನಿಮ್ಮ ಪರದೆಯ ಮೇಲಿನದೆಲ್ಲ ಅವರಿಗೂ ಕಾಣುತ್ತದೆ. ಈ ಆ್ಯಪ್ ಸ್ವತಃ ಕೆಟ್ಟದ್ದಲ್ಲ. ದೂರದಿಂದ ಕಂಪ್ಯೂಟರ್ ದುರಸ್ತಿ ಮಾಡಲು ಬಳಸುವ ಉಪಕರಣ. ಅದರ ದುರುಪಯೋಗದ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

4. ತಪ್ಪಿ ಬಂದ ಹಣ: ನಿಮ್ಮ ಖಾತೆಗೆ 20,000 ರೂಪಾಯಿ ಜಮೆಯಾಗಿದೆ ಎಂದು ಒಂದು ಸಂದೇಶ ಬರುತ್ತದೆ. ಹಿಂದೆಯೇ ಒಬ್ಬನು ಕರೆ ಮಾಡಿ, ಆಸ್ಪತ್ರೆಗೆ ಕಳಿಸಬೇಕಾದ ಹಣ ತಪ್ಪಿ ನಿಮಗೆ ಬಂತೆಂದು ಅಳುತ್ತಾನೆ. ಸಂದೇಶ ಬಂದಿರುವುದು ಬ್ಯಾಂಕಿನಿಂದಲ್ಲ, ಅವನಿಂದಲೇ. ನೀವು ದಯೆಯಿಂದ ಹಿಂತಿರುಗಿಸುವುದು ನಿಮ್ಮದೇ ಹಣ. ಎಳನೀರು, ತರಕಾರಿ ಮಾರುವವರಿಗೆ ಹಣ ಸಂದಾಯವಾದಂತೆ ಸುಳ್ಳು ಚಿತ್ರ ತೋರಿಸುವುದೂ ಇದೇ ಬಗೆಯದು. ಬೇರೆಯವರ ಫೋನಿನಲ್ಲಿ ಕಾಣುವುದನ್ನು ನಂಬದೆ ನಿಮ್ಮ ಖಾತೆಯ ಶಿಲ್ಕನ್ನು ನೀವೇ ನೋಡಬೇಕು. ನಿಜವಾಗಿಯೂ ಹಣ ಬಂದಿದ್ದರೆ ಬ್ಯಾಂಕಿಗೆ ತಿಳಿಸಿ, ಬ್ಯಾಂಕಿನ ಮೂಲಕವೇ ಹಿಂತಿರುಗಿಸಬೇಕು.

5. ಬೆದರಿಕೆ: ಪೊಲೀಸ್ ಉಡುಪು ಧರಿಸಿದವನು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಆಧಾರ್ ಸಂಖ್ಯೆ ಯಾವುದೋ ಅಪರಾಧದಲ್ಲಿ ಸಿಕ್ಕಿದೆ, ಕರೆಯನ್ನು ಬಿಡುವಂತಿಲ್ಲ, ಮನೆಯವರಿಗೆ ಹೇಳುವಂತಿಲ್ಲ ಎನ್ನುತ್ತಾನೆ. ಇದಕ್ಕೆ ಡಿಜಿಟಲ್ ಅರೆಸ್ಟ್ ಎಂದು ಹೆಸರು ಕೊಟ್ಟಿದ್ದಾರೆ. ಇಂತಹ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಯಾವ ಪೊಲೀಸ್ ಅಧಿಕಾರಿಯೂ ಫೋನಿನಲ್ಲಿ ಬಂಧಿಸುವುದಿಲ್ಲ, ತನಿಖೆಗೆಂದು ಹಣ ವರ್ಗಾಯಿಸಲು ಹೇಳುವುದಿಲ್ಲ.

6. ಬೆರಳಚ್ಚಿನ ಮೋಸ: ಆಧಾರ್ ಮೂಲಕ ಬೆರಳೊತ್ತಿ ಹಣ ತೆಗೆಯುವ ವ್ಯವಸ್ಥೆಯಲ್ಲಿ ಪಿನ್ ಇಲ್ಲ, ಒಟಿಪಿ ಇಲ್ಲ. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಹಣ ತೆಗೆದ ಪ್ರಕರಣಗಳು 2023ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಬೆಳಕಿಗೆ ಬಂದವು. ಬೆರಳೊತ್ತಿಸಿಕೊಂಡವನು ಯಂತ್ರ ಕೆಟ್ಟಿದೆ ಎಂದು ಹೇಳಿ ಎರಡನೆಯ ಸಲ ಒತ್ತಿಸುವುದೂ ಉಂಟು. ಪ್ರತಿ ಸಲವೂ ರಸೀತಿ ಕೇಳಿ ಪಡೆಯಬೇಕು.

ಬಗೆಗಳು ಬೇರೆಯಾದರೂ ಲಕ್ಷಣಗಳು ಮೂರೇ: ಆಸೆ, ಭಯ ಮತ್ತು ಅವಸರ. ಇವುಗಳಲ್ಲಿ ಅವಸರ ಎಲ್ಲ ಕಡೆಯೂ ಇರುತ್ತದೆ. ಸಂಜೆಯೊಳಗೆ, ಈಗಲೇ, ಕರೆ ಬಿಡದೆ ಎಂಬ ಮಾತು ಬಂತೆಂದರೆ ಕರೆಯನ್ನು ಕಡಿದುಹಾಕಿ ಮನೆಯ ಇನ್ನೊಬ್ಬರೊಡನೆ ಮಾತನಾಡಬೇಕು. ನಿಜವಾದ ಬ್ಯಾಂಕ್ ಕೆಲಸ ಯಾವುದೂ ನಾಳೆ ಬೆಳಿಗ್ಗೆ ಶಾಖೆಗೆ ಹೋಗಿ ಮಾಡಲಾಗದಷ್ಟು ತುರ್ತಿನದಲ್ಲ.

ಮುಂಜಾಗ್ರತಾ ಕ್ರಮಗಳು

1. ಬಿತ್ತನೆ ಬೀಜವನ್ನೂ ತಿನ್ನುವ ಕಾಳನ್ನೂ ಒಂದೇ ವಾಡೆಯಲ್ಲಿ ಇಡುವವರಿಲ್ಲ. ಹಣಕ್ಕೂ ಎರಡು ಖಾತೆಗಳಿರಲಿ. ಬೆಳೆಯ ಹಣ, ಬೆಳೆ ಸಾಲ, ಠೇವಣಿ ಇರುವ ಮುಖ್ಯ ಖಾತೆಯನ್ನು ಯುಪಿಐಗೆ ಜೋಡಿಸಬಾರದು. ದಿನದ ಖರ್ಚಿಗೆ ಇನ್ನೊಂದು ಖಾತೆ ತೆರೆದು, ಅದನ್ನು ಮಾತ್ರ ಫೋನಿಗೆ ಜೋಡಿಸಿ, ಅದರಲ್ಲಿ ಕೆಲವೇ ಸಾವಿರ ರೂಪಾಯಿಗಳನ್ನು ಇಟ್ಟುಕೊಳ್ಳಬೇಕು. ಸರ್ಕಾರದ ನೆರವಿನ ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಅದಕ್ಕೆ ಯುಪಿಐ ಅಗತ್ಯವಿಲ್ಲ.

2. ಎರಡೂ ಖಾತೆಗೆ ಒಂದೇ ಮೊಬೈಲ್ ಸಂಖ್ಯೆಯಿದ್ದರೆ ಮೇಲಿನ ಕ್ರಮದ ಫಲ ಅರ್ಧಕ್ಕಿಳಿಯುತ್ತದೆ. ಏಕೆಂದರೆ ಫೋನಿನೊಳಗೆ ನುಗ್ಗಿದ ಆ್ಯಪ್ ಮುಖ್ಯ ಖಾತೆಯ ಒಟಿಪಿಯನ್ನೂ ಓದಬಲ್ಲದು. ಮುಖ್ಯ ಖಾತೆಗೆ ಬೇರೆ ಸಂಖ್ಯೆ ಕೊಟ್ಟು, ಆ ಸಿಮ್ಮನ್ನು ಮನೆಯಲ್ಲಿರುವ ಹಳೆಯ ಗುಂಡಿ ಫೋನಿನಲ್ಲಿ ಹಾಕಿಡುವುದು ಉತ್ತಮ. ಸಾಧಾರಣ ಗುಂಡಿ ಫೋನಿಗೆ ವಾಟ್ಸಾಪ್‌ನಿಂದ ಎಪಿಕೆ ಇಳಿಸಲಾಗದು. ಆಧಾರ್‌ಗೆ ಜೋಡಿಸಿದ ಸಂಖ್ಯೆಯೂ ಇದೇ ಆಗಿದ್ದರೆ ಇನ್ನೂ ಒಳ್ಳೆಯದು. ಈ ಫೋನನ್ನು ದಿನಕ್ಕೊಮ್ಮೆ ನೋಡುತ್ತಿರಬೇಕು ಮತ್ತು ಕಾಲಕಾಲಕ್ಕೆ ರೀಚಾರ್ಜ್ ಮಾಡಬೇಕು. ಬಳಸದೆ ಬಿಟ್ಟ ಸಂಖ್ಯೆ ಕೆಲವು ತಿಂಗಳಲ್ಲಿ ರದ್ದಾಗಿ ಬೇರೆಯವರ ಪಾಲಾಗುತ್ತದೆ.

3. ಆ್ಯಪ್‌ಗಳನ್ನು ಫೋನಿನ ಪ್ಲೇ ಸ್ಟೋರ್‌ನಿಂದ ಮಾತ್ರ ಹಾಕಿಕೊಳ್ಳಬೇಕು. ಅಲ್ಲಿಯೂ ತಯಾರಕರ ಹೆಸರನ್ನು ಓದಬೇಕು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಕಡತವನ್ನು ಯಾರು ಕಳಿಸಿದ್ದರೂ, ಸ್ವಂತ ಸಂಬಂಧಿಕರೇ ಕಳಿಸಿದ್ದರೂ, ತೆರೆಯಬಾರದು. ಅವರ ಫೋನು ಸೋಂಕಿಗೆ ಒಳಗಾಗಿ ಅವರಿಗೆ ಅರಿವಿಲ್ಲದೆ ಕಳಿಸಿರಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಮೂಲದಿಂದ ಆ್ಯಪ್ ಹಾಕುವ ಅನುಮತಿಯನ್ನು ಮುಚ್ಚಿಡಬೇಕು. ಪಿಎಂ ಕಿಸಾನ್, ಬೆಳೆ ಸಮೀಕ್ಷೆ, ಬೆಳೆ ವಿಮೆ ಮುಂತಾದವುಗಳ ಬಗ್ಗೆ ಸಂಶಯ ಬಂದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಪಿಎಂ ಕಿಸಾನ್ ಸಹಾಯವಾಣಿಯ ಸಂಖ್ಯೆ 155261.

4. ಪಿನ್ ನಿಮ್ಮ ನೆನಪಿನಲ್ಲಿಯೇ ಇರಲಿ. ಹುಟ್ಟಿದ ವರ್ಷ, ವಾಹನದ ಸಂಖ್ಯೆ, 1234 ಇವುಗಳನ್ನು ಇಡಬಾರದು. ಫೋನಿನ ಹಿಂಬದಿಯಲ್ಲಿ, ಪಾಸ್ ಪುಸ್ತಕದಲ್ಲಿ ಬರೆಯಬಾರದು. ಅಂಗಡಿಯವನ ಕೈಗೆ ಫೋನು ಕೊಟ್ಟು ಪಿನ್ ಹೇಳಿ ನೀನೇ ಒತ್ತಪ್ಪ ಎನ್ನುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಅಂಗಡಿಯವನು ಪ್ರಾಮಾಣಿಕನಿರಬಹುದು, ಆದರೆ ಅಲ್ಲಿ ನಿಂತವರೆಲ್ಲರೂ ಹಾಗಿರಬೇಕೆಂದಿಲ್ಲ. ನಿಮಗೆ ಒತ್ತಲು ಬಾರದಿದ್ದರೆ ನಗದು ಕೊಡುವುದೇ ಲೇಸು.

5. ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿವರೆಗೆ ಕಳಿಸಬಹುದು. ನಿಮಗೆ ಅಷ್ಟು ಬೇಕಾಗಿಲ್ಲದಿದ್ದರೆ ಬ್ಯಾಂಕಿಗೆ ಹೇಳಿ ಮಿತಿಯನ್ನು ಇಳಿಸಿಕೊಳ್ಳಲು ಸಾಧ್ಯವೇ ಎಂದು ವಿಚಾರಿಸಿ. ನಾಲೆಯ ತೂಬು ಕಿರಿದಾದಷ್ಟೂ ಒಡೆದಾಗ ಹೋಗುವ ನೀರು ಕಡಿಮೆ.

6. ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಪಡಿತರ ಅಥವಾ ಬೇರೆ ಕೆಲಸಕ್ಕೆ ಬೆರಳೊತ್ತಬೇಕಾದಾಗ ಮಾತ್ರ ಬೀಗ ತೆಗೆದು, ಕೆಲಸ ಮುಗಿದ ನಂತರ ಮತ್ತೆ ಹಾಕಬಹುದು. ಮಾಹಿತಿಗೆ 1947 ಸಂಖ್ಯೆಗೆ ಕರೆ ಮಾಡಬಹುದು.

7. ಬ್ಯಾಂಕಿನ ಜಾಲತಾಣದ ವಿಳಾಸವನ್ನು ಗಮನಿಸಬೇಕು. ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕೆಂದು ಸೂಚಿಸಿತು. ಬೇರೆ ರೀತಿ ಕೊನೆಗೊಳ್ಳುವ ವಿಳಾಸ ಕಂಡರೆ ಅಲ್ಲಿ ಕಾರ್ಡ್, ಖಾತೆಯ ವಿವರ ತುಂಬಬಾರದು. ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಪಾಸ್ ಪುಸ್ತಕ ಅಥವಾ ಡೆಬಿಟ್ ಕಾರ್ಡಿನ ಹಿಂಬದಿಯಿಂದ ನೋಡಿಕೊಳ್ಳಬೇಕು.

8. ಸ್ಮಾರ್ಟ್ ಫೋನ್ ಇಲ್ಲದವರು ಯುಪಿಐನಿಂದ ವಂಚಿತರಾಗಬೇಕಿಲ್ಲ. 2022ರ ಮಾರ್ಚ್ ತಿಂಗಳಲ್ಲಿ ಬಂದ ಯುಪಿಐ 123ಪೇ ಸೌಲಭ್ಯ ಗುಂಡಿ ಫೋನುಗಳಿಗಾಗಿಯೇ ಇದೆ. *99# ಒತ್ತಿಯೂ ಅಂತರಜಾಲವಿಲ್ಲದೆ ವ್ಯವಹರಿಸಬಹುದು.

9. ನಿಮ್ಮ ಖಾತೆ, ಎಟಿಎಂ ಕಾರ್ಡ್ ಅಥವಾ ಸಿಮ್ಮನ್ನು ತಿಂಗಳಿಗಿಷ್ಟು ಎಂದು ಹಣ ಪಡೆದು ಯಾರಿಗೂ ಬಳಸಲು ಕೊಡಬಾರದು. ಕದ್ದ ಹಣ ಸಾಗುವುದು ಇಂತಹ ಬಾಡಿಗೆ ಖಾತೆಗಳ ಮೂಲಕವೇ. ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ಓದಿ ಕೆಲಸವಿಲ್ಲದೆ ಇರುವ ಹುಡುಗರು ಈ ಬಲೆಗೆ ಸುಲಭವಾಗಿ ಬೀಳುವುದರಿಂದ ಮನೆಯ ಹಿರಿಯರು ಈ ಬಗ್ಗೆ ಎಚ್ಚರಿಸಬೇಕು.

ಹಣ ಹೋದಾಗ ಮಾಡಬೇಕಾದುದು

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ಹಣ ಹೋಗಬಹುದು. ಆಗ ಅತಿ ಮುಖ್ಯವಾದುದು ಸಮಯ. ಕದ್ದ ಹಣವು ಮೊದಲು ಒಂದು ಖಾತೆಗೆ, ಅಲ್ಲಿಂದ ಹಲವು ಖಾತೆಗಳಿಗೆ ಹರಿದು, ಕೊನೆಗೆ ಎಲ್ಲೋ ಒಂದು ಕಡೆ ನಗದಾಗುತ್ತದೆ. ನಗದಾಗುವ ಮೊದಲೇ ತಿಳಿಸಿದರೆ ದಾರಿಯಲ್ಲಿಯೇ ತಡೆಯಬಹುದು. ಇದಕ್ಕಾಗಿ ಕೇಂದ್ರ ಗೃಹ ಇಲಾಖೆಯು 2021ರಲ್ಲಿ ಬ್ಯಾಂಕುಗಳನ್ನೂ ಪೊಲೀಸರನ್ನೂ ಜೋಡಿಸುವ ವ್ಯವಸ್ಥೆಯನ್ನು ಮಾಡಿತು. ಅದರ ಸಹಾಯವಾಣಿ 1930. ಮಾಡಬೇಕಾದ ಕೆಲಸಗಳ ಕ್ರಮ ಹೀಗಿದೆ.

1. ಫೋನಿನ ಇಂಟರ್ನೆಟ್ ಮತ್ತು ವೈಫೈಯನ್ನು ಮುಚ್ಚಿರಿ. ಎಪಿಕೆ ಹಾಕಿಕೊಂಡಿದ್ದರೆ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಿ, ಅಲ್ಲಿಂದ ಕರೆ ಮಾಡಿರಿ. ಆದರೆ ಸಂದೇಶಗಳನ್ನಾಗಲೀ ಕರೆಗಳ ಪಟ್ಟಿಯನ್ನಾಗಲೀ ಅಳಿಸಬಾರದು. ಅವು ಸಾಕ್ಷ್ಯಗಳು.

2. 1930ಕ್ಕೆ ಕರೆ ಮಾಡಿರಿ. ಹಣ ಹೋದ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ, ದಿನಾಂಕ, ಸಮಯ ಮತ್ತು 12 ಅಂಕಿಗಳ ಯುಪಿಐ ವ್ಯವಹಾರ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಸಾಲು ಸಿಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುತ್ತಲೇ, ಓದುಬರಹ ಬಲ್ಲ ಮಕ್ಕಳಿಂದ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಬರೆಸಬಹುದು. ಅದರ ವಿಳಾಸ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್.

3. ಅದೇ ದಿನ ಬ್ಯಾಂಕಿಗೆ ತಿಳಿಸಿ ಯುಪಿಐ, ಕಾರ್ಡ್ ಮತ್ತು ಅಂತರಜಾಲ ಸೌಲಭ್ಯಗಳನ್ನು ನಿಲ್ಲಿಸಬೇಕು. ಬಾಯಿಮಾತು ಸಾಲದು. ಲಿಖಿತ ಅರ್ಜಿ ಕೊಟ್ಟು ಮೊಹರು, ದಿನಾಂಕ ಹಾಕಿದ ಪ್ರತಿಯನ್ನು ಪಡೆಯಬೇಕು. ನಂತರ ಹತ್ತಿರದ ಪೊಲೀಸ್ ಠಾಣೆಗೂ ದೂರು ಕೊಡಬೇಕು.

4. ಫೋನನ್ನು ಪೂರ್ಣವಾಗಿ ಅಳಿಸಿ ಹೊಸದಾಗಿ ಹೊಂದಿಸುವುದು ಪೊಲೀಸರು ಸಾಕ್ಷ್ಯ ಪಡೆದ ನಂತರದ ಕೆಲಸ. ಅಲ್ಲಿಯವರೆಗೆ ಅದರಲ್ಲಿ ಹಣದ ವ್ಯವಹಾರ ಬೇಡ.

ಬೇಗ ತಿಳಿಸುವುದಕ್ಕೆ ಇನ್ನೊಂದು ಕಾರಣವಿದೆ. ಇಂತಹ ನಷ್ಟದಲ್ಲಿ ಗ್ರಾಹಕನ ಹೊಣೆಯೆಷ್ಟು ಎಂಬುದನ್ನು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ನಿಗದಿಪಡಿಸಿತು. ಗ್ರಾಹಕನದಾಗಲೀ ಬ್ಯಾಂಕಿನದಾಗಲೀ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. 4ರಿಂದ 7 ದಿನಗಳಾದರೆ ಒಂದು ಮಿತಿಯವರೆಗೆ ನಷ್ಟ ಆತನದು ಎಂದು ಅದರಲ್ಲಿತ್ತು. ಗ್ರಾಹಕನು ತಾನೇ ಪಿನ್, ಒಟಿಪಿ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಪೂರ್ಣವಾಗಿ ಆತನದು. ಆದರೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಇಂತಹ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣಗೊಳ್ಳುವುದರಿಂದ ಚಾಲ್ತಿಯಲ್ಲಿರುವುದನ್ನು ನಿಮ್ಮ ಶಾಖೆಯಲ್ಲಿ ಕೇಳಿ ತಿಳಿಯಬೇಕು. ತಡಮಾಡಿದಷ್ಟೂ ಹೊರೆ ನಮ್ಮ ಮೇಲೆ ಎಂಬುದು ಇದರ ಸಾರ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448 ಸಂಖ್ಯೆಯಿದೆ.

ಫೋನೇ ಕಳೆದುಹೋದರೆ ಮೊದಲು ಸಿಮ್ಮನ್ನು ನಿಲ್ಲಿಸಿ ಅದೇ ಸಂಖ್ಯೆಯ ಹೊಸ ಸಿಮ್ ಪಡೆಯಬೇಕು. ಪೊಲೀಸ್ ದೂರಿನ ಪ್ರತಿಯೊಡನೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನೇ ನಿಷ್ಕ್ರಿಯಗೊಳಿಸಬಹುದು. ಇದಕ್ಕೆ ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆ ಬೇಕು. ಈಗಲೇ *#06# ಒತ್ತಿ, ಕಾಣುವ ಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಹಣ ಕಳೆದುಕೊಂಡವರನ್ನು ಹುಡುಕಿಕೊಂಡು ಎರಡನೆಯ ವಂಚಕನು ಬರುತ್ತಾನೆ. ಇಷ್ಟು ಶುಲ್ಕ ಕೊಟ್ಟರೆ ಹೋದ ಹಣ ತರಿಸಿಕೊಡುತ್ತೇನೆ ಎನ್ನುತ್ತಾನೆ. 1930ಕ್ಕಾಗಲೀ ಪೊಲೀಸರಿಗಾಗಲೀ ಇದಕ್ಕಾಗಿ ಶುಲ್ಕ ಕೊಡಬೇಕಾಗಿಲ್ಲ. ಬಸಿದ ಗಾಯಕ್ಕೆ ನೊಣ ಮುತ್ತುವುದು ಸಹಜ, ಅದನ್ನು ಮುಚ್ಚಿಡಬೇಕು.

ಮನೆಮಂದಿಯೆಲ್ಲ ತಿಳಿಯಬೇಕಾದುದು

ಹಣ ಹೋದಾಗ ಅನೇಕರು ಮೊದಲ ದಿನ ಯಾರಿಗೂ ಹೇಳುವುದಿಲ್ಲ. ಹೆಂಡತಿ ಏನನ್ನುತ್ತಾಳೋ, ಮಗ ನಗುತ್ತಾನೋ, ಊರಿನವರು ದಡ್ಡನೆನ್ನುತ್ತಾರೋ ಎಂಬ ಸಂಕೋಚ. ಆ ಒಂದು ದಿನದ ಮೌನವೇ ವಂಚಕನಿಗೆ ಬೇಕಾಗಿರುವುದು. ಬ್ಯಾಂಕ್ ನೌಕರರು, ಅಧ್ಯಾಪಕರು, ನಿವೃತ್ತ ಅಧಿಕಾರಿಗಳೂ ಈ ಮೋಸಕ್ಕೆ ಒಳಗಾಗಿದ್ದಾರೆ. ಇದರಲ್ಲಿ ದಡ್ಡತನದ ಪ್ರಶ್ನೆಯಿಲ್ಲ. ನೆರೆಯ ಹೊಲಕ್ಕೆ ಸೈನಿಕ ಹುಳು ಬಿದ್ದರೆ ನಾವು ಹೊಲದವನನ್ನು ಹಳಿಯುವುದಿಲ್ಲ; ನಮ್ಮ ಹೊಲಕ್ಕೆ ಬರುವ ಮೊದಲೇ ಬದುವಿಗೆ ಓಡುತ್ತೇವೆ. ಅದರಂತೆ ಒಬ್ಬರಿಗೆ ಬಂದ ಮೋಸದ ಸಂದೇಶವನ್ನು ಹಾಲಿನ ಡೇರಿಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ ಎಲ್ಲರಿಗೂ ಹೇಳಬೇಕು. ಮನೆಯಲ್ಲಿ ಫೋನು ಬಳಸುವ ಪ್ರತಿಯೊಬ್ಬರಿಗೂ, ಹೆಂಗಸರಿಗೂ ಹಿರಿಯರಿಗೂ, ಈ ವಿಷಯ ತಿಳಿದಿರಬೇಕು.

ಈ ಲೇಖನದ ಎಲ್ಲ ಮಾತೂ ನೆನಪಿನಲ್ಲಿ ಉಳಿಯದಿದ್ದರೆ ಮೂರನ್ನು ಮಾತ್ರ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು, ಮನೆಯ ಗೋಡೆಯ ಮೇಲಿನ ಪಂಚಾಂಗದ ಪಕ್ಕದಲ್ಲಿ ಅಂಟಿಸಿರಿ. ಹಣ ಪಡೆಯಲು ಪಿನ್ ಬೇಡ. ವಾಟ್ಸಾಪ್‌ನಲ್ಲಿ ಬಂದ ಆ್ಯಪ್ ಬೇಡ. ಹಣ ಹೋದರೆ ಕೂಡಲೇ 1930. ಈ ಮೂರನ್ನು ಪಾಲಿಸಿದರೆ ಫೋನಿನ ಅನುಕೂಲವನ್ನು ಪಡೆಯುತ್ತಲೇ ವರ್ಷದ ದುಡಿಮೆಯನ್ನು ಬಹುಮಟ್ಟಿಗೆ ಕಾಪಾಡಿಕೊಳ್ಳಬಹುದು.